ಒಂದು ಟೈಲಿನಷ್ಟು ಜಾಗ

ತೋಮಾಸಾಳನ್ನು ಮಗಳು ಮನೆಯೊಳಗೆ ಕೂಡಿಹಾಕಿದ್ದು ಪ್ರೀತಿಯಿಂದಲೇ. ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ, ತೋಮಾಸಾ ಕೂಡ. ದ್ವೇಷಕ್ಕೆ ಹಾಕಿದ ಬೀಗವಾಗಿದ್ದರೆ ಬಾಗಿಲು ಬಡಿದು ಕಟ್ಟಡದ ಜನರನ್ನೆಲ್ಲ ಸೇರಿಸಬಹುದಿತ್ತು. ಪ್ರೀತಿಗೆ ಹಾಕಿದ ಬೀಗದ ಮೇಲೆ ಯಾರ ಹತ್ತಿರ ದೂರು ಹೇಳುವುದು?

ತಪ್ಪು ಅವಳದೂ ಇತ್ತೆನ್ನಿ. ಕೊರೊನಾ ಬಂದ ವರ್ಷದ ಮಾರ್ಚ್ ಕೊನೆಯಲ್ಲಿ, ಅರವತ್ತು ದಾಟಿದವರು ಹೊಸ್ತಿಲು ದಾಟಬಾರದೆಂದು ಟೀವಿಯವರು ಬಡಕೊಳ್ಳುತ್ತಿದ್ದ ಮೊದಲ ಶನಿವಾರವೇ, ಅರವತ್ತೇಳರ ತೋಮಾಸಾ ತುಟಿಗೆ ಬಣ್ಣ ಬಳಿದುಕೊಂಡು, ಬೀಸಣಿಗೆ ಹಿಡಿದು, ಜೋಡಿಜೋಡಿಯಾಗಿ ದಾನ್ಸೋನ್ ಕುಣಿಯುವ ಚೌಕಕ್ಕೆ ಹೊರಟುಬಿಟ್ಟಿದ್ದಳು. ಮೂವತ್ತು ವರ್ಷಗಳಲ್ಲಿ, ಗಂಡ ಸತ್ತ ಮೇಲಿನ ಆರು ತಿಂಗಳನ್ನೂ ಮೆಕ್ಸಿಕೊ ನಗರ ಭೂಕಂಪದಲ್ಲಿ ನಡುಗಿದ ವಾರವನ್ನೂ ಬಿಟ್ಟರೆ, ಅವಳು ತಪ್ಪಿಸಿದ ಶನಿವಾರಗಳು ಬೆರಳೆಣಿಕೆಯಷ್ಟು. ಹೋಗಿ ನೋಡಿದರೆ ಚೌಕದ ಸುತ್ತ ಹಳದಿ ಪಟ್ಟಿ ಕಟ್ಟಿದ್ದರು. ಪಟ್ಟಿಯ ಈಚೆ ಅವಳಂಥವೇ ಐದಾರು ಮುದಿ ಜೀವಗಳು, ಗಂಡಸರು ಇಸ್ತ್ರಿ ಮಾಡಿದ ಸೂಟು ಟೋಪಿಯಲ್ಲಿ, ಹೆಂಗಸರು ಮಿಂಚಿನ ಲಂಗದಲ್ಲಿ, ಮದುವೆ ಮುರಿದ ಮನೆಯ ಮುಂದೆ ನಿಂತ ನೆಂಟರ ಹಾಗೆ ನಿಂತಿದ್ದರು. ಮೊದಲು ಮನೆಗೆ ಹೊರಡುವವರು ಯಾರೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೆಲಸ ಮುಗಿಸಿ ಬರುತ್ತಿದ್ದ ಮಗಳು ಅರಸೆಲಿ ಬಸ್ಸಿನ ಕಿಟಕಿಯಿಂದ ತಾಯಿಯನ್ನು ಕಂಡು ಅಲ್ಲೇ ಇಳಿದಳು.

"ನಿಂಗೆ ತಲೆ ನೆಟ್ಟಗಿದ್ಯಾ ಅಮ್ಮ?" ಅಂದಳು ದಾರಿಯುದ್ದಕ್ಕೂ ಎರಡು ಮಾರು ದೂರದಲ್ಲಿ ನಡೆಯುತ್ತ.

"ಸುಮ್ನೆ ನೋಡ್ಕೊಂಡ್ ಬರೋಣ ಅಂತ ಹೋದೆ ಕಣೆ. ಕುಣಿಯೋಕಲ್ಲ."

"ಬೀಸಣಿಗೆ ತಗೊಂಡು?"

"ಸೆಕೆ ಇತ್ತು."

ಮರುದಿನದಿಂದ ಅರಸೆಲಿ ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗತೊಡಗಿದಳು. ನಲವತ್ತೊಂದರ ಹೆಣ್ಣು, ಮದುವೆಯ ಗೋಜಿಗೆ ಹೋದವಳಲ್ಲ, ಮಾತು ಕಡಿಮೆ. ಕೆಲಸ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ. ಅಲ್ಲಿಗೆ ಏನೇನು ಬರುತ್ತದೆ, ಎಷ್ಟು ಬರುತ್ತದೆ ಎಂದು ಅವಳು ಮನೆಯಲ್ಲಿ ಹೇಳುತ್ತಿರಲಿಲ್ಲ. ಸಂಜೆ ಬಂದವಳು ಬಾಗಿಲಲ್ಲೇ ಬಟ್ಟೆ ಕಳಚಿ ಚೀಲಕ್ಕೆ ತುಂಬಿ, ಸ್ನಾನ ಮಾಡಿ, ತುತ್ತಿಗೆ ಮಾತ್ರ ಮಾಸ್ಕ್ ಇಳಿಸುತ್ತ ಊಟಕ್ಕೆ ಕೂರುವಳು, ಅದೂ ಕೋಣೆಯ ಆ ಮೂಲೆಯಲ್ಲಿ. ತಾಯಿಯನ್ನು ಮುಟ್ಟುತ್ತಿರಲಿಲ್ಲ. ಮುಟ್ಟಲೇಬೇಕಾಗಿ ಬಂದರೆ ಎರಡು ಜೊತೆ ಗ್ಲೌಸು.

ಮನೆಯೆಂದರೆ ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಬಚ್ಚಲು, ಗೋಡೆಗಂಟಿದ ಒಂದು ಒಲೆ. ಒಲೆಯಿಂದ ಮಂಚಕ್ಕೆ ಹನ್ನೊಂದು ಹೆಜ್ಜೆ. ಇದ್ದ ಒಂದು ಕಿಟಕಿ ಬೀದಿಗಲ್ಲ, ಕಟ್ಟಡದ ನಡುವೆ ಗಾಳಿ ಬೆಳಕಿಗೆಂದು ಬಿಟ್ಟ ಸಂದಿಗೆ ತೆರೆಯುತ್ತಿತ್ತು. ಸಂದಿನಾಚೆ ಇನ್ನೊಬ್ಬರ ಕಿಟಕಿ, ಮೇಲೆ ಇಷ್ಟೇ ಇಷ್ಟು ಆಕಾಶ. ಬಟ್ಟೆ ಒಣಗಿಸುವ ನೆಪದಲ್ಲಿ ತಾರಸಿಗೆ ಹೋಗುತ್ತೇನೆಂದರೆ ಅಲ್ಲಿ ನೆರೆಯವರಿರುತ್ತಾರೆ, ಬೇಡ. ಮೆಟ್ಟಿಲ ಮೇಲಾದರೂ ಹತ್ತಿಳಿಯುತ್ತೇನೆಂದರೆ ಬಿದ್ದು ಸೊಂಟ ಮುರಿದರೆ ಆಸ್ಪತ್ರೆಯೇ ಗತಿ, ಬೇಡ. "ಹಾಯಾಗಿ ಕೂತ್ಕೊಂಡು ಟೀವಿ ನೋಡಮ್ಮ, ಅಷ್ಟ್ ಮಾಡಿದ್ರೆ ಸಾಕು ನಂಗೆ," ಎನ್ನುವಳು ಅರಸೆಲಿ.

ತೋಮಾಸಾ ಕೂತಳು. ಜೀವಮಾನವಿಡೀ ಹೊಲಿಗೆ ಯಂತ್ರ ತುಳಿದ, ಸಂತೆ ಸುತ್ತಿದ, ವಾರಕ್ಕೊಮ್ಮೆ ನಾಲ್ಕು ತಾಸು ಕುಣಿದ ಕಾಲುಗಳು ಒಂದು ತಿಂಗಳು ಕುರ್ಚಿಯಿಂದ ನೇತಾಡಿದವು. ಮೊದಲು ಪಾದ ಊದಿತು. ಆಮೇಲೆ ಒಂದು ಬೆಳಿಗ್ಗೆ ಎಡಗಾಲಿನ ಬೆರಳುಗಳು ಬೇರೆ ಯಾರದೋ ಆದ ಹಾಗೆ ಅನ್ನಿಸಿತು. ಹದಿನಾರು ವರ್ಷದ ಸಕ್ಕರೆ ಕಾಯಿಲೆಯವಳು ಅವಳು. ಈ ಸುದ್ದಿಯನ್ನು ಎರಡು ದಿನ ತನಗೆ ತಾನೇ ಹೇಳಿಕೊಳ್ಳಲಿಲ್ಲ.

ಕ್ಲಿನಿಕ್ಕಿನ ಡಾಕ್ಟರಮ್ಮ ಫೋನಿನಲ್ಲೇ ನೋಡಿದಳು. ಅವಳು ಹೇಳಿದಂತೆ ಅರಸೆಲಿ ತಾಯಿಗೆ ಕಣ್ಣು ಮುಚ್ಚಿಸಿ, ಹಲ್ಲುಕಡ್ಡಿಯಿಂದ ಒಂದೊಂದೇ ಬೆರಳು ಚುಚ್ಚುತ್ತ "ಈಗ? ಈಗ?" ಎಂದು ಕೇಳಿದಳು. ಬಲಗಾಲಿನ ಐದಕ್ಕೆ ಐದೂ ಗೊತ್ತಾಯಿತು. ಎಡಗಾಲಿಗೆ ಬಂದಾಗ ತೋಮಾಸಾ, "ಯಾಕೆ, ಶುರು ಮಾಡೇ," ಅಂದಳು. ಅರಸೆಲಿ ಆಗಲೇ ಮೂರು ಬೆರಳು ಮುಗಿಸಿದ್ದಳು.

"ಮರಗಟ್ಟಿರೋದು ಇನ್ನೂ ಬೆರಳಲ್ಲೇ ಇದೆ," ಅಂದಳು ಡಾಕ್ಟರಮ್ಮ. "ಮೇಲಕ್ಕೆ ಹತ್ತಿದ್ರೆ, ಒಂದು ಗಾಯ ಗೊತ್ತಾಗ್ದೆ ಆದ್ರೆ, ಆಮೇಲೆ ಕಾಲು ಉಳ್ಸೋದು ಕಷ್ಟ. ಮಾತ್ರೆ ಜಾಸ್ತಿ ಮಾಡ್ತೀನಿ. ಆದ್ರೆ ಬರೀ ಮಾತ್ರೆ ಸಾಲಲ್ಲ ಸೆನ್ಯೋರ. ಕೂತಲ್ಲೇ ಕೂತ್ರೆ ರಕ್ತದಲ್ಲಿರೋ ಸಕ್ಕರೆ ಎಲ್ಲಿಗೋಗ್ಬೇಕು? ಕಾಲು ಆಡ್ತಾ ಇದ್ರೇನೇ ಅದು ಕರಗೋದು. ದಿನಾ ಅರ್ಧ ಗಂಟೆ ಓಡಾಡಿ."

"ಎಲ್ಲಿ ಓಡಾಡ್ಲಿ ತಾಯಿ? ಹನ್ನೊಂದೇ ಹೆಜ್ಜೆ ಇರೋದು ಇಲ್ಲಿ."

"ಹಂಗಾದ್ರೆ ಹನ್ನೊಂದೇ ಹೆಜ್ಜೇಲಿ ಓಡಾಡಿ."

ತೋಮಾಸಾಳ ಅಕ್ಕ ಕ್ಲೆಯೊತಿಲ್ದೆಗೆ ಮೊಣಕಾಲಿನ ಕೆಳಗೆ ಒಂದು ಕಾಲಿಲ್ಲ. ಪ್ವೆಬ್ಲಾ ಊರಿನಲ್ಲಿ ಮಗನ ಮನೆಯ ಕಿಟಕಿಯ ಪಕ್ಕ ಕೂತು ಆರು ವರ್ಷವಾಯಿತು. ಅವತ್ತು ಅವಳಿಗೆ ಫೋನು ಮಾಡಿದರೆ, "ನಂದೂ ಬೆರಳಿಂದಾನೇ ಶುರುವಾಗಿದ್ದು ಕಣೇ," ಎಂದಳು ಅಕ್ಕ. ಹೆದರಿಸಲು ಹೇಳಿದ್ದಲ್ಲ, ಸುಳ್ಳು ಹೇಳಲು ಬಾರದೆ ಹೇಳಿದ್ದು.

ಸರಿ, ಓಡಾಡಿದಳು. ಒಲೆ, ಮಂಚ. ಮಂಚ, ಒಲೆ. ಬೋನಿಗೆ ಬಿದ್ದ ಇಲಿಯ ಹಾಗೆ ಮೂರು ದಿನ ಸುತ್ತಿ, ನಾಲ್ಕನೆಯ ದಿನ ತಲೆ ತಿರುಗಿ ಮೇಜಿನ ಮೂಲೆ ತೊಡೆಗೆ ಬಡಿದು, ಇಡೀ ಸರ್ಕಾರಕ್ಕೆ ಶಾಪ ಹಾಕಿ ಕೂತಳು. ಆಗ ಅವಳಿಗೆ ಹೊಳೆಯಿತು: ಕುಣಿಯಬಹುದಲ್ಲ. ದಾನ್ಸೋನ್ ಕುಣಿಯಲು ಮೈದಾನ ಬೇಕಿಲ್ಲ. ನೆಲದ ಒಂದು ಟೈಲಿನಿಂದ ಆಚೆ ಕಾಲಿಡದೆ ಕುಣಿದವನೇ ನಿಜವಾದ ಕುಣಿತಗಾರ ಎಂದು ಚೌಕದ ಮುದುಕರೆಲ್ಲ ಕೊಚ್ಚಿಕೊಳ್ಳುವುದು ಅದಕ್ಕೇ ಅಲ್ಲವೆ? ಹಾಡು ಹಾಕಿ, ಬೆನ್ನು ನೆಟ್ಟಗೆ ಮಾಡಿ, ಕೈ ಎತ್ತಿ ನಿಂತಳು. ಕ್ಲಾರಿನೆಟ್ಟು ಶುರುವಾಯಿತು. ಮುಗಿಯಿತು. ಅವಳು ನಿಂತೇ ಇದ್ದಳು.

ಕಾಲು ಹೊರಡಲಿಲ್ಲ. ಮೂವತ್ತು ವರ್ಷ ಕುಣಿದ ಹೆಂಗಸಿಗೆ ಕುಣಿಯಲು ಬರಲಿಲ್ಲ ಅಂದರೆ ನಂಬುತ್ತೀರಾ? ದಾನ್ಸೋನಿನಲ್ಲಿ ಹೆಣ್ಣು ಹೆಜ್ಜೆ ಹುಡುಕುವುದಿಲ್ಲ. ಬೆನ್ನ ಮೇಲೆ ಗಂಡಿನ ಅಂಗೈ ಇರುತ್ತದೆ. ಅದು ಒತ್ತಿದರೆ ಹಿಂದಕ್ಕೆ, ಸಡಿಲಿಸಿದರೆ ಮುಂದಕ್ಕೆ, ಬೆರಳು ತಿರುಗಿಸಿದರೆ ಸುತ್ತು. ತಾನಾಗಿ ಮುಂದೆ ಹೋಗುವವಳನ್ನು ಚೌಕದಲ್ಲಿ ಒರಟು ಹೆಣ್ಣು ಅನ್ನುತ್ತಾರೆ. ತೋಮಾಸಾ ಎಂದೂ ಒರಟಾದವಳಲ್ಲ, ಅದು ಅವಳ ಹೆಮ್ಮೆ. ಈಗ ಬೆನ್ನ ಮೇಲೆ ಅಂಗೈ ಇರಲಿಲ್ಲ, ಆ ಹೆಮ್ಮೆಯನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕಬೇಕಿತ್ತು.

"ಏನು ದೋನ್ಯಾ ತೋಮಾಸಾ, ಬಸ್ಸಿಗೆ ಕಾಯ್ತಿದೀರಾ?"

ಸಂದಿನಾಚೆಯ ಕಿಟಕಿಯಲ್ಲಿ ದೋನ್ ಎರಾಕ್ಲಿಯೊ ನಿಂತಿದ್ದ. ಎಪ್ಪತ್ತೊಂದರ ಕ್ಷೌರಿಕ, ಹೆಂಡತಿ ತೀರಿಹೋದವನು, ಹನ್ನೊಂದು ವರ್ಷದಿಂದ ಅವಳ ಜೋಡಿ. ಕುಣಿತದ ಜೋಡಿ ಅಷ್ಟೆ. ಕಟ್ಟಡದ ಹೆಂಗಸರು ಇದನ್ನು ನಂಬಲಿಲ್ಲ, ತೋಮಾಸಾ ನಂಬಿಸಲೂ ಹೋಗಿರಲಿಲ್ಲ. ಅಂಗಡಿ ಮುಚ್ಚಿದಾಗಿನಿಂದ ಅವನೂ ಒಳಗೇ ಇದ್ದ. ಅವನು ಪೈಜಾಮದಲ್ಲಿದ್ದುದನ್ನು ಅವಳು ಅದೇ ಮೊದಲ ಸಲ ನೋಡಿದ್ದು.

"ನಗಬೇಡಿ. ಕೈ ಇಲ್ದೆ ಕಾಲು ಬರ್ತಿಲ್ಲ," ಅಂದಳು. ಅಂದ ಮೇಲೆ ತಡೆಯಲಾಗಲಿಲ್ಲ. ಬೆರಳು, ಹಲ್ಲುಕಡ್ಡಿ, ಅಕ್ಕನ ಕಾಲು ಎಲ್ಲ ಹೇಳಿಬಿಟ್ಟಳು.

ಅವನು ನಗಲಿಲ್ಲ. ಒಳಗೆ ಹೋದ. ಬಂದಾಗ ಪ್ಯಾಂಟು, ಬಿಳಿ ಶರಟು, ಕಪ್ಪುಬಿಳುಪಿನ ಬೂಟು, ತಲೆಗೆ ಟೋಪಿ. ಆ ಹಳೆಯ ಕಟ್ಟಡದ ಕಿಟಕಿಗಳು ನೆಲದವರೆಗೂ ಇಳಿದಿದ್ದವು, ಎದೆಮಟ್ಟಕ್ಕೆ ಕಬ್ಬಿಣದ ಸರಳು. ಆದ್ದರಿಂದ ಬೂಟಿನವರೆಗೂ ಆಸಾಮಿ ಪೂರ್ತಿ ಕಾಣುತ್ತಿದ್ದ. ಸರಳಿನ ಹಿಂದೆ ಒಂದು ಟೈಲು ಆರಿಸಿ ಅದರ ಮೇಲೆ ನಿಂತ. "ನನ್ನ ಭುಜ ನೋಡ್ತಿರಿ," ಎಂದ. "ಇದು ಮುಂದೆ ಬಂದ್ರೆ ನೀವು ಹಿಂದೆ. ನನ್ನ ಕೈ ನಿಮ್ಮ ಬೆನ್ನ ಮೇಲೇ ಇದೆ ಅಂತ ತಿಳ್ಕೊಳ್ಳಿ. ಬಿಟ್ರೆ ಬೀಳ್ತೀರಿ, ಹುಷಾರು."

ಅವನು ಎಡಗಾಲು ಮುಂದಿಟ್ಟ. ಮೂರು ಮೀಟರು ಆಚೆ ಅವಳ ಬಲಗಾಲು ತಾನಾಗಿ ಹಿಂದೆ ಸರಿಯಿತು.

ಹಾಗೆ ಶುರುವಾಯಿತು. ದಿನಾ ಮಧ್ಯಾಹ್ನ ನಾಲ್ಕಕ್ಕೆ, ಅರ್ಧ ಗಂಟೆ. ಮೊದಲ ವಾರ ಮೀನಖಂಡ ಸಿಡಿಯುತ್ತಿತ್ತು. ಎರಡನೆಯ ವಾರ ಉಸಿರು ಸುಧಾರಿಸಿತು. ದಾನ್ಸೋನಿನಲ್ಲಿ ಪಲ್ಲವಿ ಬಂದಾಗಲೆಲ್ಲ ಕುಣಿತ ನಿಲ್ಲಿಸಿ, ಪಕ್ಕಪಕ್ಕ ನಿಂತು ಗಾಳಿ ಬೀಸಿಕೊಂಡು, ಮಾತಾಡಿ, ಪಲ್ಲವಿ ಮುಗಿದ ಕೂಡಲೇ ಮತ್ತೆ ಹೆಜ್ಜೆಗೆ ಹೊರಡಬೇಕು. ಆ ಬಿಡುವಿನಲ್ಲಿ ಇಬ್ಬರೂ ಸರಳಿಗೆ ಒರಗಿ ಹರಟುವರು.

"ಇವತ್ತೆಷ್ಟು?" ಅವನು ಸಕ್ಕರೆ ಕೇಳುವನು.

"ಇನ್ನೂರ ಹದಿನೈದು."

"ಶುರು ಮಾಡಿದಾಗ ಇನ್ನೂರ ಎಪ್ಪತ್ತಿತ್ತು. ನನ್ನ ಭುಜಕ್ಕೆ ಡಾಕ್ಟ್ರ ಸರ್ಟಿಫಿಕೇಟ್ ಕೊಡಿಸ್ರೀ ಮತ್ತೆ."

"ನಿಮ್ಮ ಎಡಗಾಲು ಮೂಲೇಲಿ ಎಳೀತದೆ. ಹನ್ನೊಂದು ವರ್ಷ ನಂಗೆ ಗೊತ್ತೇ ಆಗಿರ್ಲಿಲ್ಲ."

"ತಬ್ಬಿಕೊಂಡೋರಿಗೆ ಕಾಲು ಕಾಣಲ್ಲ ದೋನ್ಯಾ, ಅದು ಈ ಕುಣಿತದ ಉಪಕಾರ."

ಮಾತು ನಿಜ. ಅಪ್ಪುಗೆಯಲ್ಲಿ ಅವಳು ಅವನ ಕೊರಳಪಟ್ಟಿ ಬಿಟ್ಟು ಬೇರೇನೂ ನೋಡಿರಲಿಲ್ಲ. ಈಗ ಎರಡು ತಿಂಗಳು ದಿನಾ ಅವನ ಪಾದ, ಮೊಣಕಾಲು, ಸೊಂಟ ಎಲ್ಲ ನೋಡಿದಳು, ಎಲ್ಲಿ ತಡೆಯುತ್ತಾನೆ, ಎಲ್ಲಿ ಬಿಡುತ್ತಾನೆ ಎಂದು. ಡಾಕ್ಟರಮ್ಮ ಮತ್ತೆ ಹಲ್ಲುಕಡ್ಡಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದರೆ ಮಾತ್ರ ತೋಮಾಸಾ ನಾಳೆ, ನಾಡಿದ್ದು ಎಂದು ಜಾರಿಕೊಳ್ಳುತ್ತಿದ್ದಳು. ಸಕ್ಕರೆ ಇಳಿದರೂ ಸತ್ತ ಬೆರಳು ಸತ್ತೇ ಇದ್ದರೆ? ಗೊತ್ತಾಗುವ ತನಕ ಆಸೆ ಇಟ್ಟುಕೊಳ್ಳಬಹುದಿತ್ತು.

ಮಗಳಿಗೆ ಇದೊಂದೂ ಗೊತ್ತಿರಲಿಲ್ಲ. ಪ್ರತಿ ಸಂಜೆ ಸಕ್ಕರೆ ನೋಡಿ, ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದು, "ನೋಡಿದ್ಯಾ? ಹೊತ್ತಿಗೆ ಮಾತ್ರೆ ತಗೊಂಡು ಹಾಯಾಗಿ ಕೂತಿದ್ದಕ್ಕೆ ಹೆಂಗೆ ಇಳೀತಿದೆ," ಎಂದು ಬೀಗುವಳು. ತೋಮಾಸಾ ಹುರುಳಿಕಾಯಿ ಬಿಡಿಸುತ್ತ, "ಹೂಂ ಕಣೆ, ಕೂತು ಕೂತೇ," ಎನ್ನುವಳು.

ಜೂನ್ ತಿಂಗಳಲ್ಲಿ ಒಂದು ದಿನ ಅರಸೆಲಿ ಮೂರೂವರೆಗೇ ಕೆಲಸ ಬಿಟ್ಟು ಬಂದು ಬಾಗಿಲು ತೆರೆದಳು. ಕಿಟಕಿ ಹಾರುಹೊಡೆದಿತ್ತು, ಹಾಡು ಸಂದು ತುಂಬ ಮೊಳಗುತ್ತಿತ್ತು, ತಾಯಿ ಮಾಸ್ಕಿಲ್ಲದೆ ತಿರುಗುತ್ತಿದ್ದಳು, ಎದುರಿಗೆ ಮಾಸ್ಕಿಲ್ಲದ ಎರಾಕ್ಲಿಯೊ ಟೋಪಿ ತೆಗೆದು ಇವಳಿಗೂ ನಮಸ್ಕಾರ ಹೇಳಿದ. ಅರಸೆಲಿ ಹೋಗಿ ಕಿಟಕಿಯನ್ನು ದಢಾರನೆ ಮುಚ್ಚಿದಳು.

"ಮೂರು ಮೀಟರಿದೆ," ಎಂದಳು ತೋಮಾಸಾ. "ಪೊರಕೆ ಹಿಡಿದು ಅಳೆದಿದೀನಿ."

"ಪೊರಕೆ! ಗಾಳೀಲಿ ಬರೋದಕ್ಕೆ ಪೊರಕೆ ಅಳತೆ!" ಅರಸೆಲಿ ಕಿಟಕಿಯ ಚಿಲಕ ಹಾಕಿದಳು. "ಅಮ್ಮ, ದಿನಾ ನಾನು ಒಗೆಯೋ ಹೊದಿಕೆ ಒಳಗೆ ಯಾರಿದ್ರು ಅಂತ ನಂಗೊತ್ತಿಲ್ಲ. ಆದ್ರೆ ಒಂದೊಂದು ಮಡಿಸುವಾಗ್ಲೂ ಇದು ನಿಂದಾಗಿದ್ರೆ ಅನ್ಸುತ್ತೆ. ಅದನ್ನಿಟ್ಕೊಂಡು ಮನೆಗೆ ಬರ್ತೀನಿ. ಬಂದ್ರೆ ನೀನಿಲ್ಲಿ..."

"ಮತ್ತೆ ನನ್ನ ಕಾಲು?"

"ಕಾಲು ಹೋದ್ರೂ ನೀನಿರ್ತೀಯ! ಉಸಿರು ಹೋದ್ರೆ?"

ಕೋಣೆಯಲ್ಲಿ ಹಾಡು ಇನ್ನೂ ನಡೆಯುತ್ತಿತ್ತು. ತೋಮಾಸಾ ಹೋಗಿ ಅದನ್ನು ಆರಿಸಿದಳು.

"ಕಾಲು ಹೋದ್ಮೇಲೆ ಇರೋಳು ನಾನಲ್ಲ ಕಣೇ," ಎಂದಳು. "ನಿಮ್ಮ ದೊಡ್ಡಮ್ಮನ್ನ ನೋಡಿದೀಯಲ್ಲ. ಹೋಗಿ ಆ ಕ್ಯಾಲೆಂಡರ್ ನೋಡು, ಯಾವ ದಿನದಿಂದ ಇಳಿದಿದೆ ಅಂತ. ಆ ದಿನ ನಾವು ಶುರು ಮಾಡಿದ್ದು."

ಅರಸೆಲಿ ಕ್ಯಾಲೆಂಡರ್ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ, ಹೊರಡುವಾಗ, ಬಾಗಿಲ ಕಡೆ ಮುಖ ಮಾಡಿಕೊಂಡು, "ಗಾಜು ಮುಚ್ಚಿದ್ರೆ ಮಾತ್ರ," ಎಂದಳು. "ಅವ್ರ ಕಿಟಕೀನೂ." ಬೀಗ ಹಾಕಿಕೊಂಡು ಹೋದಳು.

ಗಾಜು ಮುಚ್ಚಿಯೇ ಕುಣಿದರು. ಒಂದೇ ಹಾಡನ್ನು ಎರಡು ಮನೆಯಲ್ಲಿ ಒಂದೇ ಸಲಕ್ಕೆ ಹಾಕಿ, ಪಲ್ಲವಿಯಲ್ಲಿ ಫೋನಿನಲ್ಲಿ ಮಾತು. ಬಿಸಿಗೆ ಮೈಯೆಲ್ಲ ಒದ್ದೆಯಾಗುವುದು, ಗಾಜಿನ ಮೇಲೆ ಆವಿ ಕೂತು ಅವನ ಭುಜ ಮಸುಕಾಗುವುದು, ಒರೆಸಿ ಒರೆಸಿ ನೋಡುವಳು. ಆ ತಿಂಗಳ ಕೊನೆಗೆ ಎರಾಕ್ಲಿಯೊ ಅಂಗಡಿಯ ಬಾಗಿಲನ್ನು ಅರ್ಧ ಎತ್ತಿ ಬೆಳಗಿನ ಹೊತ್ತು ಕತ್ತರಿ ಹಿಡಿಯತೊಡಗಿದ್ದ. "ಕೂದಲಿಗೆ ಟೀವಿ ನೋಡೋಕೆ ಬರಲ್ಲ ದೋನ್ಯಾ, ಅದು ಬೆಳೀತಾನೇ ಇರುತ್ತೆ," ಎಂದಿದ್ದ. ಅವಳು ಬೈದಿದ್ದಳು. ಅವನಿಗೆ ದುಡಿದು ಹಾಕುವವರು ಯಾರೂ ಇರಲಿಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು.

ಜುಲೈನ ಒಂದು ಬುಧವಾರ, ಪಲ್ಲವಿ ಬಂದಾಗ ಅವನು ಫೋನು ಎತ್ತಲಿಲ್ಲ, ಕುರ್ಚಿಯ ಮೇಲೆ ಕೂತ. ಪಲ್ಲವಿ ಮುಗಿಯಿತು. ತೋಮಾಸಾ ಬೆನ್ನು ನೆಟ್ಟಗೆ ಮಾಡಿ ಹೆಜ್ಜೆಗೆ ಸಿದ್ಧವಾದಳು. ಅವನು ಏಳಲಿಲ್ಲ. ಕೈ ಎತ್ತಿ, ಒಂದು ನಿಮಿಷ, ಎಂಬಂತೆ ಸನ್ನೆ ಮಾಡಿದ. ಹಾಡು ಪೂರ್ತಿ ಮುಗಿದರೂ ಆ ಕೈ ಹಾಗೇ ಇತ್ತು.

ಶುಕ್ರವಾರ ಮಧ್ಯಾಹ್ನ ಆಂಬುಲೆನ್ಸ್ ಬಂತು. ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಬಟ್ಟೆಯ ಸರಬರ ಕೇಳಿ ತೋಮಾಸಾ ಬಾಗಿಲಿಗೆ ಓಡಿದಳು. ಹಿಡಿ ತಿರುಗಿಸಿದಳು. ಬೀಗ. ಎರಡೂ ಅಂಗೈಯಿಂದ ಬಾಗಿಲು ಗುದ್ದಿದಳು.

"ದೋನ್ ಎರಾಕ್ಲಿಯೊ!"

ಹೆಜ್ಜೆಗಳು ಬಾಗಿಲಾಚೆ ನಿಂತವು. ಉಸಿರೆಳೆಯುವ ಸದ್ದು ಅವಳಿಗೆ ಮರದ ಮೂಲಕ ಕೇಳಿಸಿತು.

"ಸ್ಟ್ರೆಚರ್ ಬೇಡ ಅಂದೆ," ಎಂದ, ಮಾತಿಗೊಂದು ಉಸಿರು ತೆಗೆದುಕೊಳ್ಳುತ್ತ. "ನಡ್ಕೊಂಡ್ ಹೋಗ್ತೀನಿ. ನೆಟ್ಟಗಿದ್ಯಾ ಹೆಜ್ಜೆ, ಕೇಳಿಸ್ಕೊಂಡು ಹೇಳಿ."

ಅವಳು ಬಾಗಿಲಿಗೆ ಕಿವಿ ಒತ್ತಿದಳು. ಇಳಿದವು, ಒಂದು, ಎರಡು, ಒಂದು, ಎರಡು. ಎರಡನೆಯ ಮಹಡಿಯ ತಿರುವಿನಲ್ಲಿ ಎಡಗಾಲು ಎಳೆಯಿತು. ಆಮೇಲೆ ಬೇರೆಯವರ ಹೆಜ್ಜೆಗಳು ಸೇರಿಕೊಂಡು ಯಾವುದು ಅವನದೆಂದು ಗೊತ್ತಾಗಲಿಲ್ಲ. "ನೆಟ್ಟಗಿದೆ!" ಎಂದು ಅವಳು ಕೂಗಿದಳು. ಬೀದಿ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೂ ಬಾಗಿಲಿಗೆ ಕೆನ್ನೆಯಿಟ್ಟು ನಿಂತೇ ಇದ್ದಳು. ಒಂದು ಜೀವ ಬೀಳ್ಕೊಡಲು ಮೂರು ಮಹಡಿ ಇಳಿಯಲಾಗದ ಬದುಕೂ ಒಂದು ಬದುಕೆ ಎಂದು ಆಗ ಅವಳಿಗೆ ಅನ್ನಿಸಿತು.

ಆರು ದಿನ ಕಳೆದು ಸುದ್ದಿ ಬಂತು. ಹೆಣ ನೋಡುವ ಹಾಗಿಲ್ಲ, ಮಣ್ಣಿಗೆ ಹೋಗುವ ಹಾಗಿಲ್ಲ. ಒಂಬತ್ತು ದಿನದ ಜಪಸರ ಪ್ರಾರ್ಥನೆಯನ್ನು ಚೌಕದ ಹಳೆಯ ಮಂದಿ ಫೋನಿನಲ್ಲೇ ಮಾಡಿದರು. ತೋಮಾಸಾ ಕಪ್ಪು ಬಟ್ಟೆ ಹಾಕಿಕೊಂಡು ಕುರ್ಚಿಯಲ್ಲಿ ಕೂತು ಒಂಬತ್ತೂ ದಿನ ಜಪಮಣಿ ಎಣಿಸಿದಳು. ಹಾಡು ಹಾಕಲಿಲ್ಲ. ಜೋಡಿ ಸತ್ತರೆ ಒಂದು ವರ್ಷ ಕುಣಿಯಬಾರದು ಎಂದು ಚೌಕದ ಹಿರಿಯರಲ್ಲೊಂದು ಪದ್ಧತಿ. ಗಂಡ ಸತ್ತಾಗ ಅವಳು ಆರು ತಿಂಗಳಿಗೇ ಕುಣಿತಕ್ಕೆ ಹೋಗಿ ಮಾತು ಕೇಳಿಸಿಕೊಂಡವಳು. ಈ ಸಲ ವರ್ಷ ಪೂರ್ತಿ ಕೂರುತ್ತೇನೆಂದು ಹಟ ಹಿಡಿದಿದ್ದಳು. ಇದೊಂದನ್ನಾದರೂ ಅವನಿಗೆ ಮಾಡಬಹುದಿತ್ತಲ್ಲ.

ಸಕ್ಕರೆಗೆ ಶೋಕ ಗೊತ್ತಾಗುವುದಿಲ್ಲ. ನೂರ ಎಂಬತ್ತೈದಕ್ಕೆ ಇಳಿದಿದ್ದದ್ದು ಇನ್ನೂರ ಹತ್ತಾಯಿತು, ನಲವತ್ತಾಯಿತು, ಅರವತ್ತೆರಡಾಯಿತು. ಪಾದ ಮತ್ತೆ ಊದಿತು. ಅರಸೆಲಿ ದಿನಾ ಸಂಜೆ ಬರೆಯುತ್ತಲೇ ಇದ್ದಳು.

ಪ್ರಾರ್ಥನೆ ಮುಗಿದ ಮರುದಿನ ಅವಳಿಗೆ ರಜೆ. ಮಧ್ಯಾಹ್ನ ಊಟವಾದ ಮೇಲೆ ಅವಳು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು, ಏಪ್ರಿಲ್, ಮೇ, ಜೂನ್, ಜುಲೈ, ಹಾಳೆ ಹಿಂದೆ ಮುಂದೆ ಮಗುಚಿ ಬಹಳ ಹೊತ್ತು ನೋಡಿದಳು. ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದಳು. ತಾಯಿಗೊಂದು ಮಾಸ್ಕ್ ಕೊಟ್ಟು, ತಾನೂ ಹೊಸದೊಂದು ಹಾಕಿಕೊಂಡಳು.

"ಏಳಮ್ಮ. ನಾಲ್ಕು ಗಂಟೆ ಆಯ್ತು."

"ಇನ್ನೊಂದ್ ವರ್ಷ ಇಲ್ಲ ಕಣೆ."

"ಸತ್ತೋರಿಗೆ ವರ್ಷ ಕೊಡ್ತೀಯ, ನಂಗೆ ಅರ್ಧ ಗಂಟೆ ಕೊಡಲ್ವಾ?"

ತೋಮಾಸಾ ಜಪಸರ ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳು. ಅರಸೆಲಿ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ನಾಲ್ಕು ತಿಂಗಳಲ್ಲಿ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಕಣ್ಣಿನ ಕೆಳಗೆ ಮಾಸ್ಕಿನ ಗೆರೆ ಗಾಯದಂತೆ ಆಳವಾಗಿತ್ತು.

"ತಪ್ಪಾಯ್ತಮ್ಮ," ಎಂದಳು. "ಕೂರ್ಸಿಟ್ರೆ ಉಳೀತೀಯ ಅಂದ್ಕೊಂಡಿದ್ದೆ. ಕೂರ್ಸಿ ಕೂರ್ಸಿ ನಾನೇ ನಿನ್ನ... ಏಳು. ನಂಗೆ ಬರಲ್ಲ. ಹೇಳ್ಕೊಡು."

"ಇಬ್ರೂ ಹೆಂಗಸ್ರೇ. ಕರ್ಕೊಂಡ್ ಹೋಗೋರು ಯಾರು?"

"ನೀನು."

"ಅದು ಗಂಡಿನ ಹೆಜ್ಜೆ ಕಣೆ. ನಂಗೆಲ್ಲಿ ಬರುತ್ತೆ," ಎಂದಳು ತೋಮಾಸಾ. ಬಾಯಿ ಹಾಗೆಂದರೂ ಅವಳ ಕಣ್ಣ ಮುಂದೆ ಎರಡು ತಿಂಗಳ ಮಧ್ಯಾಹ್ನಗಳು ಬಂದವು. ಆ ಭುಜ ಎಲ್ಲಿ ಹೊರಳುತ್ತಿತ್ತು, ಆ ಬೂಟು ಯಾವಾಗ ತಡೆಯುತ್ತಿತ್ತು, ಎಲ್ಲವೂ. ಹನ್ನೊಂದು ವರ್ಷ ಅಪ್ಪಿಕೊಂಡು ಕಲಿಯದ್ದನ್ನು ಅವಳು ಗಾಜಿನಾಚೆಯಿಂದ ಕಲಿತುಬಿಟ್ಟಿದ್ದಳು.

ಹಾಡು ಹಾಕಿದರು. ತೋಮಾಸಾ ಬರಿಗಾಲಲ್ಲಿ ನಿಂತು ಮಗಳ ಬೆನ್ನ ಮೇಲೆ ಅಂಗೈಯಿಟ್ಟಳು. ಬೆನ್ನು ಹಲಗೆಯ ಹಾಗೆ ಬಿಗಿದಿತ್ತು. "ಬಿಡು ಮೈನ," ಎಂದಳು. "ಒಗೆಯೋ ಬಟ್ಟೆ ಅಲ್ಲ ನಾನು." ಒಂದು ಸಲ ಉಸಿರೆಳೆದು, ಜೀವಮಾನದಲ್ಲಿ ಮೊದಲ ಸಲ ತಾನಾಗಿ ಎಡಗಾಲನ್ನು ಮುಂದಕ್ಕಿಟ್ಟಳು.

ಅರಸೆಲಿ ಮಹಾ ದಡ್ಡಿ. ಹಿಂದೆ ಅಂದರೆ ಪಕ್ಕಕ್ಕೆ, ಪಕ್ಕ ಅಂದರೆ ಮುಂದಕ್ಕೆ. ಒಂದು ಟೈಲೇನು, ಇಡೀ ಕೋಣೆ ಸಾಲದು ಅವಳಿಗೆ. ಆದರೂ ಒಲೆಯ ತನಕ ಹೋದರು, ಮೇಜು ಸುತ್ತಿದರು. ಪಲ್ಲವಿ ಬಂದಾಗ ತಾಯಿ "ನಿಲ್ಲು" ಎಂದಳು. ನಿಂತರು. ಮಗಳು ನಿಂತಲ್ಲೇ ಅತ್ತಳು, ತೋಮಾಸಾ ಬೆನ್ನ ಮೇಲಿನ ಕೈ ತೆಗೆಯಲಿಲ್ಲ. ಪಲ್ಲವಿ ಮುಗಿದ ಕೂಡಲೇ ಮತ್ತೆ ಅವಳನ್ನು ಹೊರಡಿಸಿದಳು. ಕಣ್ಣು ತುಂಬಿದ್ದ ಮಗಳಿಗೆ ನೆಲ ಕಾಣಲಿಲ್ಲ. ಪೂರ್ತಿ ಭಾರ ಹಾಕಿ ತಾಯಿಯ ಎಡಗಾಲಿನ ಬೆರಳುಗಳ ಮೇಲೆ ಹಿಮ್ಮಡಿ ಊರಿದಳು.

"ಅಯ್ಯೋ! ಕತ್ತೆ!"

ತೋಮಾಸಾ ಕಾಲು ಎತ್ತಿಕೊಂಡು ಮೇಜು ಹಿಡಿದಳು. ಅರಸೆಲಿ ನೆಲಕ್ಕೆ ಬಾಗಿದಳು. "ಅಮ್ಮ, ಏನಾಯ್ತು? ಮುರೀತಾ? ತೋರ್ಸು, ತೋರ್ಸು..."

ತೋಮಾಸಾ ತನ್ನ ಪಾದವನ್ನೇ ನೋಡುತ್ತಿದ್ದಳು. ನೋವು ಕಿರುಬೆರಳಿನಿಂದ ಹೊರಟು ಪಕ್ಕದ ಬೆರಳಿಗೆ ಹಬ್ಬಿ, ಹಿಮ್ಮಡಿಯವರೆಗೂ ಚುರುಚುರು ಉರಿಯಿತು. ಅವಳು ಮಗಳ ತೋಳು ಹಿಡಿದು, ಆ ಕಾಲನ್ನು ಮತ್ತೆ ನೆಲಕ್ಕಿಟ್ಟಳು.

"ಅರಸೆಲಿ, ಇನ್ನೊಂದ್ಸಲ ತುಳಿ."

"ಏನ್ ಹೇಳ್ತಿದೀಯಮ್ಮ?"

"ತುಳಿಯೇ ಅಂದೆ. ಕಿರುಬೆರಳ ಮೇಲೆ. ಜೋರಾಗಿ."